ಕೇಕ್ ಸ್ಪ್ರಿಂಕಲ್ಸ್ ಹೊರದೇಶದಿಂದ ತರಿಸಿ ಮಾರುವುದು ಹೇಗೆ: ಮೊದಲು ಲೇಬಲ್ ಓದಿ, ಆಮೇಲೆ ದುಡ್ಡು ಕಳಿಸಿ

ನನ್ನ ಮೊದಲ ಮಾಲು ಚೆನ್ನೈ ಬಂದರು ದಾಟಲಿಲ್ಲ. 22 ಬಾಕ್ಸ್ ಇತ್ತು. ಬಣ್ಣದ ಸಕ್ಕರೆ ಮಣಿ, ಪುಟ್ಟ ನಕ್ಷತ್ರ, ಕಾಮನಬಿಲ್ಲಿನ ಹಾಗಿರುವ ಎಳೆಗಳು. ಲೈಸೆನ್ಸ್ ಇತ್ತು, ಸುಂಕ ಕಟ್ಟಲು ದುಡ್ಡು ಎತ್ತಿಟ್ಟಿದ್ದೆ, ಬೆಂಗಳೂರಿನಲ್ಲಿ ಕೊಳ್ಳುವವರೂ ಕಾಯುತ್ತಿದ್ದರು. ಆದರೆ ಡಬ್ಬಿಯ ಹಿಂದೆ ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ‘ಬಣ್ಣಗಳು’ ಅಂತ ಒಂದೇ ಪದ ಇತ್ತು. ಯಾವ ಬಣ್ಣ, ಯಾವ ನಂಬರು, ಏನೂ ಇಲ್ಲ. ಸ್ಟಿಕ್ಕರ್ ಹಚ್ಚಿ ಸರಿಮಾಡ್ತೀನಿ ಅಂದೆ. ಪದಾರ್ಥಗಳ ಪಟ್ಟಿಯನ್ನು ಸ್ಟಿಕ್ಕರ್‌ನಿಂದ ಸರಿಮಾಡಲು ಬರುವುದಿಲ್ಲ ಅಂದರು ಬಂದರಿನ ಆಹಾರ ಅಧಿಕಾರಿಗಳು. ಅವರು ಹೇಳಿದ್ದು ಸರಿ, ನಿಯಮ ಇರುವುದೇ ಹಾಗೆ. ವಾಪಸ್ ಕಳಿಸುವ ಖರ್ಚು ಮಾಲಿನ ಬೆಲೆಯನ್ನೇ ಮೀರುತ್ತಿತ್ತು, ಹಾಗಾಗಿ ಅಲ್ಲೇ ನಾಶ ಮಾಡಿಸಬೇಕಾಯಿತು. ಆ ಖರ್ಚೂ ನನ್ನ ಮೇಲೆಯೇ ಬಿತ್ತು.

ಈ ಕೆಲಸ ಶುರು ಮಾಡುವವರೆಲ್ಲ ಮೊದಲು ಕೇಳುವುದು ಲೈಸೆನ್ಸ್ ಹೇಗೆ ತೆಗೆಸೋದು ಅಂತ. ಲೈಸೆನ್ಸ್ ಬಂದೇ ಬರುತ್ತೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ. ಆದರೆ ಡಬ್ಬಿಯ ಒಳಗೆ ಏನಿದೆ, ಅದರ ಮೇಲೆ ಏನು ಅಚ್ಚಾಗಿದೆ ಅನ್ನುವುದು ಹೊರದೇಶದ ಫ್ಯಾಕ್ಟರಿಯಲ್ಲಿ ತೀರ್ಮಾನ ಆಗಿಹೋಗಿರುತ್ತೆ. ಅದನ್ನು ಇಲ್ಲಿ ಕೂತು ಬದಲಾಯಿಸಲು ಆಗುವುದಿಲ್ಲ. ಅದಕ್ಕೇ ನಾನು ಲೇಬಲ್‌ನಿಂದ ಶುರು ಮಾಡುತ್ತೇನೆ, ಕಾಗದಪತ್ರದ ಮಾತು ಆಮೇಲೆ.

ಸ್ಪ್ರಿಂಕಲ್ಸ್ ಅಂದರೆ ಏನು ಅಂತ ಒಂದು ಮಾತು. ನಮಗೆ ಇದು ತೀರಾ ಹೊಸ ಸಾಮಾನಲ್ಲ. ಸಂಕ್ರಾಂತಿ ಎಳ್ಳಿಗೆ ಬೆರೆಸುವ ಜೀರಿಗೆ ಪೆಪ್ಪರ್‌ಮಿಂಟ್, ಉತ್ತರ ಕರ್ನಾಟಕದ ಕುಸುರೆಳ್ಳು, ಇವೆಲ್ಲ ಒಳಗೊಂದು ಕಾಳಿಟ್ಟು ಮೇಲೆ ಪದರಪದರವಾಗಿ ಸಕ್ಕರೆ ಪಾಕ ಹಿಡಿಸಿದವು. ಕೇಕಿನ ಮೇಲಿನ ಉರುಟು ಮಣಿಗಳೂ ಹೀಗೇ, ತಿರುಗುವ ದೊಡ್ಡ ಬಾಣಲೆಯಲ್ಲಿ ಆಗುತ್ತವೆ. ಉದ್ದ ಎಳೆಗಳನ್ನು ಮಾತ್ರ ಸಕ್ಕರೆ, ಜೋಳದ ಪಿಷ್ಟ, ವನಸ್ಪತಿ ಕೊಬ್ಬು ಕಲಸಿ ಶ್ಯಾವಿಗೆ ಹಾಗೆ ಒತ್ತಿ ತೆಗೆಯುತ್ತಾರೆ, ಬೇಕರಿಯವರು ವರ್ಮಿಸೆಲ್ಲಿ ಅನ್ನುವುದು ಅದಕ್ಕೇ. ಮೇಲಿನ ಹೊಳಪಿಗೆ ಅರಗು ಅಥವಾ ಮೇಣ. ಇಷ್ಟರಲ್ಲಿ ಸಕ್ಕರೆಯಿಂದ ತೊಂದರೆ ಇಲ್ಲ. ತೊಂದರೆ ಬರುವುದೆಲ್ಲ ಬಣ್ಣ, ಹೊಳಪು ಮತ್ತು ಹಾಲಿನ ಪುಡಿಯಿಂದ.

ಬಣ್ಣದ ಲೆಕ್ಕ

ನಮ್ಮಲ್ಲಿ ಮೊದಲಿನಿಂದ ಒಪ್ಪಿರುವ ಕೃತಕ ಬಣ್ಣಗಳು 8. ಕೆಂಪಿಗೆ ಪೊನ್ಸೋ 4ಆರ್, ಕಾರ್ಮೊಸಿನ್, ಎರಿತ್ರೋಸಿನ್. ಹಳದಿಗೆ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ. ನೀಲಿಗೆ ಬ್ರಿಲಿಯಂಟ್ ಬ್ಲೂ, ಇಂಡಿಗೋ ಕಾರ್ಮೈನ್. ಹಸಿರಿಗೆ ಫಾಸ್ಟ್ ಗ್ರೀನ್. ಹೆಸರು ನೆನಪಿಡುವುದು ಕಷ್ಟ, ಯಾಕೆಂದರೆ ಒಂದೇ ಬಣ್ಣಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಅಮೆರಿಕದ ಡಬ್ಬಿಯಲ್ಲಿ ಯೆಲ್ಲೋ 5 ಅಂತ ಇದ್ದರೆ ಅದು ಟಾರ್ಟ್ರಜಿನ್, ಯೆಲ್ಲೋ 6 ಅಂದರೆ ಸನ್‌ಸೆಟ್ ಯೆಲ್ಲೋ, ಬ್ಲೂ 1 ಅಂದರೆ ಬ್ರಿಲಿಯಂಟ್ ಬ್ಲೂ, ರೆಡ್ 3 ಅಂದರೆ ಎರಿತ್ರೋಸಿನ್. ಆದ್ದರಿಂದ ಹೆಸರು ಬಿಡಿ, ಐಎನ್‌ಎಸ್ ನಂಬರು ಹಿಡಿಯಿರಿ, ಅಂದರೆ ಆಹಾರಕ್ಕೆ ಸೇರಿಸುವ ಬಣ್ಣ ಮುಂತಾದವುಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ನಂಬರು. 102 ಟಾರ್ಟ್ರಜಿನ್, 110 ಸನ್‌ಸೆಟ್, 122 ಕಾರ್ಮೊಸಿನ್, 124 ಪೊನ್ಸೋ, 127 ಎರಿತ್ರೋಸಿನ್, 132 ಇಂಡಿಗೋ ಕಾರ್ಮೈನ್, 133 ಬ್ರಿಲಿಯಂಟ್ ಬ್ಲೂ, 143 ಫಾಸ್ಟ್ ಗ್ರೀನ್. ಯೂರೋಪಿನ ಇ ನಂಬರೂ ಸಾಮಾನ್ಯವಾಗಿ ಇದೇ ಆಗಿರುತ್ತೆ.

ಅಮೆರಿಕದ ಸ್ಪ್ರಿಂಕಲ್ಸ್‌ನಲ್ಲಿ ಕೆಂಪು, ಗುಲಾಬಿಗೆ ತುಂಬಾ ಬಳಸುವುದು ರೆಡ್ 40, ಅಂದರೆ ಅಲ್ಯೂರಾ ರೆಡ್, ನಂಬರು 129. ಮೇಲಿನ 8ರಲ್ಲಿ ಅದಿಲ್ಲ. ಡಬ್ಬಿಯಲ್ಲಿ 129 ಕಂಡ ಕೂಡಲೇ ನಿಲ್ಲಿ. ಎಫ್‌ಎಸ್‌ಎಸ್‌ಎಐ ಅಂದರೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅದರ ವೆಬ್‌ಸೈಟಿನಲ್ಲಿ ಆಹಾರ ಸೇರ್ಪಡೆಗಳ ನಿಯಮಾವಳಿ ಇದೆ, ಅದರ ಕೊನೆಯಲ್ಲಿ ಒಂದೊಂದು ಬಗೆಯ ತಿನಿಸಿಗೆ ಒಂದೊಂದು ಕೋಷ್ಟಕ. ಸ್ಪ್ರಿಂಕಲ್ಸ್ ಬರುವುದು 5.4ರಲ್ಲಿ, ಕೇಕು ಮುಂತಾದವುಗಳ ಅಲಂಕಾರ ಮತ್ತು ಟಾಪಿಂಗ್ ಅನ್ನುವ ಗುಂಪು. ಆ ಕೋಷ್ಟಕ ಪ್ರಿಂಟ್ ತೆಗೆದುಕೊಳ್ಳಿ. ಡಬ್ಬಿಯ ಒಂದೊಂದು ನಂಬರನ್ನೂ ಅದರಲ್ಲಿ ಹುಡುಕಿ. ಸಿಗದೇ ಇದ್ದರೆ ಆ ಬಣ್ಣದ ಡಬ್ಬಿ ಬೇಡ, ಎಷ್ಟೇ ಚೆನ್ನಾಗಿದ್ದರೂ ಬೇಡ. ಹೊಸ ಮಾಲು ತರಿಸುವ ಪ್ರತಿ ಸಲವೂ ಹೊಸದಾಗಿ ನೋಡಿ, ತಿದ್ದುಪಡಿ ಬರುತ್ತಲೇ ಇರುತ್ತೆ.

ಪಟ್ಟಿಯಲ್ಲಿ ಹೆಸರು ಸಿಕ್ಕಿತು ಅಂದರೆ ಕೆಲಸ ಮುಗಿಯಿತಾ? ಇಲ್ಲ. ಎಷ್ಟು ಹಾಕಿದ್ದಾರೆ ಅನ್ನುವುದು ಅಷ್ಟೇ ಮುಖ್ಯ. 2024ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿ ಕೇಕುಗಳ ವರದಿ ಕೊಟ್ಟಿತ್ತು ನೆನಪಿದೆಯಾ? 235 ಮಾದರಿ ತೆಗೆದು ನೋಡಿದರೆ 12ರಲ್ಲಿ ಬಣ್ಣದ ತೊಂದರೆ, ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಅಂಥವೇ. ಆಗ ಹೆಸರಿಸಿದ ಬಣ್ಣಗಳು ಅಲ್ಯೂರಾ ರೆಡ್, ಸನ್‌ಸೆಟ್ ಯೆಲ್ಲೋ, ಪೊನ್ಸೋ 4ಆರ್, ಟಾರ್ಟ್ರಜಿನ್, ಕಾರ್ಮೊಸಿನ್. ಸರಿಯಾಗಿ ನೋಡಿ, ಈ ಐದರಲ್ಲಿ ನಾಲ್ಕು ಮೇಲಿನ 8ರ ಪಟ್ಟಿಯಲ್ಲೇ ಇವೆ. ಒಪ್ಪಿಗೆ ಇರುವ ಬಣ್ಣವೂ ಮಿತಿ ದಾಟಿದರೆ ತಪ್ಪೇ.

ಕೃತಕ ಬಣ್ಣಕ್ಕೆ ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಮಿತಿ 100 ಪಿಪಿಎಂ. ಅಂದರೆ ಒಂದು ಕಿಲೋ ಸಾಮಾನಿಗೆ 100 ಮಿಲಿಗ್ರಾಂ. ಯೂರೋಪಿನಲ್ಲಿ ಕೇಕ್ ಅಲಂಕಾರದ ಸಾಮಾನಿಗೆ ಇದಕ್ಕಿಂತ ಜಾಸ್ತಿ ಬಿಡುತ್ತಾರೆ, ಅಮೆರಿಕದಲ್ಲಿ ಹಲವು ಬಣ್ಣಗಳಿಗೆ ಇಷ್ಟೇ ಅನ್ನುವ ಅಂಕಿಯೇ ಇಲ್ಲ. ಅಲ್ಲಿಗಾಗಿ ಮಾಡಿದ ಗಾಢ ಕೆಂಪು, ಗಾಢ ನೀಲಿ, ಕಪ್ಪು ಮಣಿಗಳು ಇಲ್ಲಿನ ಪರೀಕ್ಷೆಯಲ್ಲಿ ಬೀಳುವುದು ಇದೇ ಕಾರಣಕ್ಕೆ. ಕೇಕಿನ ಮೇಲೆ ಚಿಟಿಕೆಯಷ್ಟು ಹಾಕ್ತಾರೆ, ಕೇಕಿನ ಲೆಕ್ಕದಲ್ಲಿ ಬಣ್ಣ ಕಡಿಮೆಯೇ ಅಲ್ವಾ ಅಂತ ತುಂಬಾ ಜನ ವಾದ ಮಾಡುತ್ತಾರೆ. ನೀವು ಮಾರುತ್ತಿರುವುದು ಕೇಕಲ್ಲ, ಡಬ್ಬಿ. ಲ್ಯಾಬಿಗೆ ಹೋಗುವುದೂ ಡಬ್ಬಿಯೇ. ತಿಳಿ ಬಣ್ಣದ ಸ್ಪ್ರಿಂಕಲ್ಸ್, ಬೀಟ್‌ರೂಟ್, ಅರಿಶಿನ, ಸ್ಪಿರುಲಿನಾದಂಥವುಗಳಿಂದ ಬಣ್ಣ ಕೊಟ್ಟವು ಶುರುವಿಗೆ ಒಳ್ಳೆಯವು ಅಂತ ನನ್ನ ಅನಿಸಿಕೆ. ಬಿಸಿಲಿಗೆ ಬೇಗ ಮಾಸುತ್ತವೆ ನಿಜ, ಆದರೆ ಬಂದರಿನಲ್ಲಿ ನಿದ್ದೆಗೆಡಿಸುವುದು ಕಡಿಮೆ. ಅವುಗಳ ನಂಬರನ್ನೂ ಕೋಷ್ಟಕದಲ್ಲಿ ನೋಡಿಯೇ ತರಿಸಿ.

‘ನಮ್ಮದು ಎಫ್‌ಡಿಎ ಒಪ್ಪಿದ ಮಾಲು’ ಅಂತ ಹೊರದೇಶದ ಮಾರಾಟಗಾರರು ಧೈರ್ಯ ಹೇಳುತ್ತಾರೆ. ಎಫ್‌ಡಿಎ ಅಂದರೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅದರ ಒಪ್ಪಿಗೆ ಆ ದೇಶಕ್ಕೆ ಮಾತ್ರ. 2021ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನ ಒಂದು ಬೇಕರಿಗೆ ಅಧಿಕಾರಿಗಳು ಬಂದು ಅಮೆರಿಕದ ಸ್ಪ್ರಿಂಕಲ್ಸ್ ಬಳಸಬಾರದು ಅಂದರು. ಅದರಲ್ಲಿದ್ದದ್ದು ಎರಿತ್ರೋಸಿನ್, 127. ಅಲ್ಲಿ ಆ ಬಣ್ಣಕ್ಕೆ ಒಪ್ಪಿಗೆ ಇರುವುದು ಸಕ್ಕರೆಯಲ್ಲಿ ನೆನೆಸಿದ ಚೆರ್ರಿಯಂಥ ಹಣ್ಣಿಗೆ ಮಾತ್ರ. ನಮ್ಮ 8ರ ಪಟ್ಟಿಯಲ್ಲಿ ಅದೇ ಬಣ್ಣ ಇದೆ. ಅಮೆರಿಕ ಮಾತ್ರ 2025ರ ಜನವರಿಯಲ್ಲಿ ಅದರ ಒಪ್ಪಿಗೆ ಹಿಂತೆಗೆದುಕೊಂಡಿತು, ಅಲ್ಲಿನ ತಯಾರಕರಿಗೆ 2027ರ ಜನವರಿವರೆಗೆ ಸಮಯ. ಒಂದೇ ಬಣ್ಣಕ್ಕೆ ಮೂರು ದೇಶದಲ್ಲಿ ಮೂರು ನಿಯಮ.

ಹಾಗಾದರೆ ಆರ್ಡರ್‌ಗೆ ಮುಂಚೆ ಏನು ಮಾಡಬೇಕು? ತಯಾರಕರಿಂದ ಪೂರ್ತಿ ಪದಾರ್ಥಗಳ ಪಟ್ಟಿ ಕೇಳಿ, ಪ್ರತಿ ಬಣ್ಣದ ನಂಬರು ಮತ್ತು ಕಿಲೋಗೆ ಎಷ್ಟು ಮಿಲಿಗ್ರಾಂ ಅಂತ ಬರಹದಲ್ಲಿ. ಕೊಡಲು ಆಗಲ್ಲ, ಗುಟ್ಟು ಅಂದರೆ ಬೇರೆಯವರನ್ನು ಹುಡುಕಿ. ನಂತರ ಪರೀಕ್ಷೆಗೆ ಬೇಕಾದಷ್ಟು ಸ್ವಲ್ಪ ಮಾದರಿ ತರಿಸಿ ಎಫ್‌ಎಸ್‌ಎಸ್‌ಎಐ ಪಟ್ಟಿಯಲ್ಲಿರುವ ಲ್ಯಾಬಿಗೆ ಕೊಡಿ. ಆ ಮಾದರಿ ಮಾರುವಂತಿಲ್ಲ. ಲ್ಯಾಬಿನ ಫೀಸು ದುಬಾರಿ ಅನಿಸುತ್ತೆ. 22 ಬಾಕ್ಸ್ ನಾಶ ಮಾಡಿಸಿದ ಮೇಲೆ ನನಗೆ ಹಾಗೆ ಅನಿಸಿಲ್ಲ.

ಬೆಳ್ಳಿ ಗುಂಡು, ಚಿನ್ನದ ಪುಡಿ

ಇದನ್ನು ಬೇರೆಯಾಗಿ ಹೇಳಲೇಬೇಕು, ಯಾಕೆಂದರೆ ಇದು ಬರೀ ದಂಡದ ಮಾತಲ್ಲ, ಮಕ್ಕಳ ಹೊಟ್ಟೆಯ ಮಾತು. ಕೇಕಿನ ಮೇಲೆ ಮಿಂಚುವ ಪುಡಿಗಳಲ್ಲಿ ಕೆಲವು ತಿನ್ನುವುದಕ್ಕೆ ಮಾಡಿದವೇ ಅಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2021ರಲ್ಲಿ ಒಂದು ವರದಿ ಹೊರಡಿಸಿತು. ರೋಡ್ ಐಲೆಂಡ್‌ನಲ್ಲಿ ಹುಟ್ಟುಹಬ್ಬದ ಕೇಕು ತಿಂದ ಮಕ್ಕಳಿಗೆ ವಾಂತಿ ಶುರುವಾಗಿತ್ತು, ಕೇಕಿನ ಚಿನ್ನದ ಬಣ್ಣದ ಪುಡಿಯಲ್ಲಿ ತಾಮ್ರ ಇತ್ತು. ಮಿಸೌರಿಯಲ್ಲಿ ಒಂದು ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿದ್ದಕ್ಕೂ ಇಂಥದ್ದೇ ಪುಡಿ ಕಾರಣ. ಡಬ್ಬಿಯಲ್ಲಿ ‘ನಾನ್ ಟಾಕ್ಸಿಕ್’ ಅಂತ ಇದ್ದರೆ ಅದು ತಿನ್ನಬಹುದು ಅಂತ ಅಲ್ಲ. ‘ಎಡಿಬಲ್’ ಅಂತ ಇರಬೇಕು, ಜೊತೆಗೆ ಪದಾರ್ಥಗಳ ಪಟ್ಟಿಯೂ ಇರಬೇಕು. ಪಟ್ಟಿ ಇಲ್ಲದ ಮಿಂಚಿನ ಪುಡಿಯನ್ನು ನಾನು ಮುಟ್ಟುವುದಿಲ್ಲ. ತಿನ್ನುವಂಥದ್ದು ಅಂತ ಬರೆದಿದ್ದರೂ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ತಾಮ್ರದ ಪರೀಕ್ಷೆ ಮಾಡಿಸಿ.

ಇನ್ನೊಂದು, ಆನ್‌ಲೈನ್‌ನಲ್ಲಿ ‘ಫೇಕ್ ಸ್ಪ್ರಿಂಕಲ್ಸ್’ ಅಂತ ಪ್ಲಾಸ್ಟಿಕ್ ಜೇಡಿಮಣ್ಣಿನಿಂದ ಮಾಡಿದ್ದು ಕಿಲೋಗಟ್ಟಲೆ ಸಿಗುತ್ತೆ, ಸ್ಲೈಮ್ ಮತ್ತು ಕ್ರಾಫ್ಟ್‌ಗೆ. ನೋಡಲು ಎರಡೂ ಒಂದೇ ಥರ. ಅದು ನಿಮ್ಮ ಗೋಡೌನ್ ಒಳಗೆ ಬರಲೇಬಾರದು, ಬೇರೆ ಶೆಲ್ಫಿನಲ್ಲಿ ಇಡ್ತೀನಿ ಅಂದರೂ ಬೇಡ.

ಹಾಲು, ಹುಳು, ಹಸಿರು ಚುಕ್ಕಿ

ಚೀನಾದಿಂದ ತರಿಸುವವರು ಇದನ್ನು ಎರಡು ಸಲ ಓದಿ. 2008ರಲ್ಲಿ ಅಲ್ಲಿ ಹಾಲಿಗೆ ಮೆಲಮೈನ್ ಅನ್ನುವ ಪ್ಲಾಸ್ಟಿಕ್ ಮಾಡುವ ರಾಸಾಯನಿಕ ಬೆರೆಸಿದ್ದು ಬಯಲಾದ ಮೇಲೆ ಭಾರತ ಅಲ್ಲಿನ ಹಾಲು, ಹಾಲಿನ ಪದಾರ್ಥಗಳನ್ನು ನಿಷೇಧಿಸಿತು. 2019ರಲ್ಲಿ ಬಂದರುಗಳ ಲ್ಯಾಬುಗಳೆಲ್ಲ ಮೆಲಮೈನ್ ಪರೀಕ್ಷೆಗೆ ಸಜ್ಜಾಗುವ ತನಕ ಅಂತ ಅದನ್ನು ಮುಂದುವರಿಸಿದರು. ನಿಷೇಧದಲ್ಲಿ ಚಾಕೊಲೇಟ್ ಇದೆ, ಹಾಲಿನ ಅಂಶ ಇರುವ ಮಿಠಾಯಿಯೂ ಇದೆ. ಅಂದರೆ ಚಾಕೊಲೇಟ್ ವರ್ಮಿಸೆಲ್ಲಿ ಅಲ್ಲಿಂದ ಬರುವಂತಿಲ್ಲ, ಪಟ್ಟಿಯಲ್ಲಿ ಹಾಲಿನ ಪುಡಿ ಇರುವ ಬಿಳಿ ಮಣಿಯೂ ಬರುವಂತಿಲ್ಲ. ಬೇರೆ ದೇಶದಿಂದ ತರಿಸಿದರೂ ಹಾಲು, ಸೋಯಾ, ಗೋಧಿ, ಕಡಲೆಕಾಯಿ, ಬಾದಾಮಿಯಂಥವು ಇದ್ದರೆ ಲೇಬಲ್‌ನಲ್ಲಿ ಅಲರ್ಜಿಯ ಎಚ್ಚರಿಕೆ ಬೇಕು.

ಹಸಿರು ಚುಕ್ಕಿಯ ವಿಷಯದಲ್ಲಿ ನಮ್ಮ ಜನಕ್ಕೆ ಗೊಂದಲ ಜಾಸ್ತಿ. ಹೊಳಪಿಗೆ ಹಾಕುವ ಅರಗು, ನಂಬರು 904, ಹುಳುವಿನಿಂದ ಬಂದದ್ದು ನಿಜ. ಆದರೆ 2020ರ ಲೇಬಲ್ ನಿಯಮಾವಳಿ ಹಾಲು, ಜೇನುತುಪ್ಪ, ಜೇನುಮೇಣದ ಜೊತೆಗೆ ಅರಗನ್ನೂ ಮಾಂಸಾಹಾರದ ಲೆಕ್ಕದಿಂದ ಹೊರಗಿಟ್ಟಿದೆ, ಹಾಗಾಗಿ ಹಸಿರು ಚುಕ್ಕಿ ಹಾಕಬಹುದು. ಕಾರ್ಮೈನ್, ನಂಬರು 120, ಅದೂ ಹುಳುವಿನದೇ, ಆದರೆ ಅದಕ್ಕೆ ಈ ವಿನಾಯಿತಿ ಇಲ್ಲ. ಜೆಲಟಿನ್‌ಗೂ ಇಲ್ಲ. ಇವೆರಡರಲ್ಲಿ ಒಂದಿದ್ದರೂ ಕಂದು ಚೌಕದೊಳಗೆ ಕಂದು ತ್ರಿಕೋನ ಬೇಕು. ಹೆಸರುಗಳು ಗೊಂದಲ ಮಾಡುತ್ತವೆ, ಇಂಡಿಗೋ ಕಾರ್ಮೈನ್ ಅನ್ನುವುದು ಬೇರೆ, ಅದು ಕೃತಕ ನೀಲಿ. ಸಸ್ಯಾಹಾರಿಗಳ ಮನೆಯ ಹುಟ್ಟುಹಬ್ಬಕ್ಕೆ ಮೊಟ್ಟೆ ಇಲ್ಲದ ಕೇಕು ಮಾಡಿಕೊಡುವ ಅಕ್ಕಂದಿರು ನಿಮ್ಮ ಚುಕ್ಕಿ ನಂಬಿ ಕೊಳ್ಳುತ್ತಾರೆ. ಅಲ್ಲಿ ತಪ್ಪು ಆಗಬಾರದು.

ತಾರೀಖನ್ನೂ ಈಗಲೇ ನೋಡಿ. ತಯಾರಾದ ದಿನ ಮತ್ತು ಮುಗಿಯುವ ದಿನ ಎರಡೂ ಅರ್ಥ ಆಗುವ ಹಾಗೆ ಡಬ್ಬಿಯ ಮೇಲೆಯೇ ಅಚ್ಚಾಗಿರಬೇಕು. ಹಲವು ಅಮೆರಿಕದ ಡಬ್ಬಿಗಳಲ್ಲಿ ಬರೀ ಒಂದು ಕೋಡ್ ಇರುತ್ತೆ, ಅದು ಸಾಲದು. ಬಂದರಿನಲ್ಲಿ ಬಿಡಿಸುವಾಗ ಬಾಳಿಕೆಯ ಶೇ 60 ಅಥವಾ 3 ತಿಂಗಳು, ಇದರಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಉಳಿದಿರಬೇಕು. 24 ತಿಂಗಳ ಮಾಲಿಗೆ 3 ತಿಂಗಳು ಉಳಿದಿದ್ದರೂ ಕಾನೂನು ಬಿಡುತ್ತೆ, ಆದರೆ ಅಂಥದ್ದನ್ನು ತರಿಸಿ ಯಾವಾಗ ಮಾರುತ್ತೀರಿ? ಆನ್‌ಲೈನ್ ಮಾರಾಟದಲ್ಲಿ ಗ್ರಾಹಕರ ಕೈಸೇರುವಾಗ ಶೇ 30 ಅಥವಾ 45 ದಿನವಾದರೂ ಬಾಳಿಕೆ ಉಳಿದಿರಬೇಕು ಅಂತ ಎಫ್‌ಎಸ್‌ಎಸ್‌ಎಐ 2024ರಲ್ಲಿ ಹೇಳಿದೆ. ಹೊಸದಾಗಿ ತಯಾರಾದ ಮಾಲೇ ಬೇಕು ಅಂತ ಆರ್ಡರ್‌ನಲ್ಲೇ ಬರೆಸಿ.

ಕಾಗದಪತ್ರ

ಇದು ಬೇಗ ಮುಗಿಯುವ ಭಾಗ. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಡಿಜಿಎಫ್‌ಟಿಯಿಂದ ಐಇಸಿ ಅಂದರೆ ಆಮದು-ರಫ್ತು ಕೋಡ್ ತೆಗೆದುಕೊಳ್ಳಿ. ಜಿಎಸ್‌ಟಿ, ಚಾಲ್ತಿ ಖಾತೆ ಬೇಕು. ಆಮೇಲೆ ಲೈಸೆನ್ಸಿಗೆ ಅರ್ಜಿ ಹಾಕುವ ಫಾಸ್ಕಾಸ್ ಪೋರ್ಟಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ಕೇಂದ್ರ ಲೈಸೆನ್ಸ್, ವ್ಯವಹಾರದ ಬಗೆ ಆಮದುದಾರ ಅಂತ. ವಹಿವಾಟು ಚಿಕ್ಕದಿದ್ದರೆ ಬರೀ ನೋಂದಣಿ ಸಾಕು ಅನ್ನುವ ರಿಯಾಯಿತಿ ಆಮದು ಮಾಡುವವರಿಗೆ ಇಲ್ಲ, ಒಂದೇ ಬಾಕ್ಸ್ ತರಿಸಿದರೂ ಕೇಂದ್ರ ಲೈಸೆನ್ಸೇ. ನಾನು ತೆಗೆದುಕೊಂಡಾಗ ವರ್ಷಕ್ಕೆ 7,500 ರೂಪಾಯಿ ಫೀಸು ಇತ್ತು, ಈಗಿನದನ್ನು ಪೋರ್ಟಲ್‌ನಲ್ಲೇ ನೋಡಿ. ಐಇಸಿಯಲ್ಲಿರುವ ವಿಳಾಸಕ್ಕೇ ಲೈಸೆನ್ಸ್ ಇರಲಿ. ಗೋಡೌನ್ ಬೇರೆ ಕಡೆ ಇದ್ದರೆ ಅದಕ್ಕೆ ಬೇರೆ ಲೈಸೆನ್ಸ್. ಅರ್ಜಿಯಲ್ಲಿ ಆಹಾರದ ಗುಂಪು ಆಯ್ಕೆ ಮಾಡುವಾಗ 5.4 ಬಿಡಬೇಡಿ. ದೊಡ್ಡ ಚೀಲದಲ್ಲಿ ತರಿಸಿ ಇಲ್ಲಿ ಚಿಕ್ಕ ಡಬ್ಬಿಗೆ ತುಂಬುವುದಾದರೆ ಮರುಪ್ಯಾಕಿಂಗ್‌ಗೂ ಲೈಸೆನ್ಸ್ ಬೇಕು. ಜೊತೆಗೆ ಅಳತೆ ಮತ್ತು ತೂಕದ ಕಾನೂನಿನಡಿ ಆಮದುದಾರರ ನೋಂದಣಿ, ಆಮದು ಶುರು ಮಾಡಿದ 90 ದಿನದೊಳಗೆ ಅರ್ಜಿ ಹಾಕಬೇಕು.

ಬಂದರಿನಲ್ಲಿ

ಒಳ್ಳೆಯ ಕಸ್ಟಮ್ಸ್ ಏಜೆಂಟ್ ಹುಡುಕಿ, ಆಹಾರ ಪದಾರ್ಥ ಬಿಡಿಸಿ ಅಭ್ಯಾಸ ಇರುವವರು. ಬಟ್ಟೆ, ಮೆಷಿನ್ ಬಿಡಿಸುವವರಿಗೆ ಇದರ ಸೂಕ್ಷ್ಮ ಗೊತ್ತಿರುವುದಿಲ್ಲ. ಬರೀ ಸಕ್ಕರೆಯದ್ದು ಸುಂಕದ 1704ನೇ ತಲೆಬರಹಕ್ಕೆ ಬರುತ್ತೆ, ಕೋಕೋ ಇದ್ದರೆ 1806ಕ್ಕೆ. ಎರಡನ್ನೂ ಒಂದೇ ಬಾಕ್ಸಿನಲ್ಲಿ ಬೆರೆಸಿ ಕಳಿಸಬೇಡಿ ಅಂತ ಮಾರಾಟಗಾರರಿಗೆ ಹೇಳಿ. ಮಾಲು ಬರುವ ಬಂದರು ಅಥವಾ ವಿಮಾನ ನಿಲ್ದಾಣ ಆಹಾರ ಆಮದಿಗೆ ಒಪ್ಪಿಗೆ ಇರುವ ಜಾಗವಾ ಅಂತಲೂ ಮೊದಲೇ ಕೇಳಿ.

ಏಜೆಂಟ್ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಹಾಕಿದ ಮೇಲೆ ಅಧಿಕಾರಿ ಮೊದಲು ಕಾಗದ ನೋಡುತ್ತಾರೆ, ನಂತರ ಮಾಲು ನೋಡುತ್ತಾರೆ. ಪ್ಯಾಕೆಟ್ ಹರಿದಿದೆಯಾ, ಹುಳು ಬಿದ್ದಿದೆಯಾ, ಲೇಬಲ್ ಸರಿಯಿದೆಯಾ. ಲೇಬಲ್ ಇಲ್ಲೇ ಫೇಲ್ ಆದರೆ ಲ್ಯಾಬಿನ ತನಕ ಹೋಗುವುದೇ ಇಲ್ಲ. ನಿಮ್ಮ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಗುರುತು ಮತ್ತು ಲೈಸೆನ್ಸ್ ನಂಬರು, ಹಸಿರು ಅಥವಾ ಕಂದು ಗುರುತು, ಆಹಾರದ ಗುಂಪು, ಇಷ್ಟನ್ನು ಕಿತ್ತು ಬರದ ಒಂದೇ ಸ್ಟಿಕ್ಕರ್‌ನಲ್ಲಿ ಹಚ್ಚಲು ಬಿಡುತ್ತಾರೆ. ಪದಾರ್ಥ, ಬ್ಯಾಚ್, ತಾರೀಖು ಮಾತ್ರ ಮೂಲ ಲೇಬಲ್‌ನಲ್ಲೇ ಇರಬೇಕು. ನಾನೀಗ ಸ್ಟಿಕ್ಕರ್‌ಗಳನ್ನೂ ಇಲ್ಲಿಂದ ಪಿಡಿಎಫ್ ಕಳಿಸಿ ಫ್ಯಾಕ್ಟರಿಯಲ್ಲೇ ಹಚ್ಚಿಸುತ್ತೇನೆ.

ಎಲ್ಲ ಸರಿಯಿದ್ದರೆ ಎರಡು ಮಾದರಿ ತೆಗೆದು ಒಂದನ್ನು ಲ್ಯಾಬಿಗೆ ಕಳಿಸುತ್ತಾರೆ, ವರದಿಗೆ 5 ದಿನದ ಲೆಕ್ಕ. ಆ ದಿನಗಳ ಬಂದರಿನ ಬಾಡಿಗೆ ನಿಮ್ಮದು, ಲೆಕ್ಕದಲ್ಲಿ ಸೇರಿಸಿಯೇ ಬೆಲೆ ಕಟ್ಟಿ. ವರದಿ ನಿಮ್ಮ ವಿರುದ್ಧ ಬಂದು, ಅದು ತಪ್ಪು ಅಂತ ನಿಮಗೆ ನಂಬಿಕೆ ಇದ್ದರೆ, ಉಳಿದ ಮಾದರಿಯನ್ನು ಮರುಪರೀಕ್ಷೆ ಮಾಡುವ ರೆಫರಲ್ ಲ್ಯಾಬಿಗೆ ಕಳಿಸಿ ಅಂತ ಕೇಳಬಹುದು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಅಂಥ ಲ್ಯಾಬುಗಳಲ್ಲೊಂದು. ಫ್ಯಾಕ್ಟರಿಯವರ ಬರಹ ಮತ್ತು ನೀವೇ ಮೊದಲು ಮಾಡಿಸಿದ ಪರೀಕ್ಷೆ ಕೈಯಲ್ಲಿದ್ದರೆ ಆಗ ಮಾತಾಡಲು ಧೈರ್ಯ ಇರುತ್ತೆ.

ಏಪ್ರಿಲ್, ಮೇ ತಿಂಗಳಲ್ಲಿ ಚೆನ್ನೈಗೆ ಚಾಕೊಲೇಟ್ ವರ್ಮಿಸೆಲ್ಲಿ ತರಿಸಬೇಡಿ. ಕಂಟೇನರ್ ಒಳಗೆ ಮುದ್ದೆಯಾಗುತ್ತೆ. ಸಕ್ಕರೆ ಮಣಿಗೆ ಶಾಖಕ್ಕಿಂತ ತೇವ ಶತ್ರು, ಬಣ್ಣ ಬಿಟ್ಟುಕೊಂಡು ಒಂದಕ್ಕೊಂದು ಅಂಟುತ್ತೆ.

ಮಾರುವಾಗ

ಡಬ್ಬಿಯ ಮೇಲೆ ಎಂಆರ್‌ಪಿ, ತೂಕ, ಗ್ರಾಂಗೆ ಎಷ್ಟು ಬೆಲೆ, ಯಾವ ದೇಶದ್ದು, ದೂರಿಗೆ ಫೋನ್ ನಂಬರು, ಇವು ಅಳತೆ-ತೂಕದವರು ನೋಡುವ ವಿಷಯ. ಬಿಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐ ನಂಬರು ಇರಲಿ. ನಾಲ್ಕೈದು ಬಗೆ ಬೆರೆಸಿ ನಿಮ್ಮದೇ ಹೆಸರಿನ ‘ಮಿಕ್ಸ್’ ಮಾಡುವ ಆಸೆ ಎಲ್ಲರಿಗೂ ಇರುತ್ತೆ, ಚೆನ್ನಾಗಿ ಮಾರಾಟವೂ ಆಗುತ್ತೆ. ಮಾಡಿ, ಆದರೆ ಆಗ ಎಲ್ಲ ಬಗೆಗಳ ಪದಾರ್ಥ, ಬಣ್ಣ, ಅಲರ್ಜಿ ಸೇರಿಸಿ ಹೊಸ ಲೇಬಲ್ ಬೇಕು, ಒಳಗಿರುವುದರಲ್ಲಿ ಮೊದಲು ಮುಗಿಯುವ ತಾರೀಖೇ ಇಡೀ ಮಿಕ್ಸಿನ ತಾರೀಖು. ಲೇಬಲ್ ತಪ್ಪಿಗೆ ದಂಡ 3 ಲಕ್ಷದವರೆಗೆ, ಗುಣಮಟ್ಟ ಕಡಿಮೆ ಇದ್ದರೆ 5 ಲಕ್ಷದವರೆಗೆ ಹೋಗಬಹುದು. ತಿಂದವರಿಗೆ ಅಪಾಯ ಆಗುವಂಥದ್ದಾದರೆ ಜೈಲೂ ಇದೆ. ಆಮದುದಾರರು ಪ್ರತಿ ವರ್ಷ ಮೇ 31ರೊಳಗೆ ಎಫ್‌ಎಸ್‌ಎಸ್‌ಎಐಗೆ ವಾರ್ಷಿಕ ಲೆಕ್ಕ ಕೊಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ. ಅವಧಿ ಮುಗಿದ ಮಾಲಿನ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪೋರ್ಟಲ್‌ನಲ್ಲಿ ಕೊಡಬೇಕು.

ಬ್ಯಾಚ್ ಪುಸ್ತಕ ಒಂದು ಇಡಿ. ಕಂಪ್ಯೂಟರ್ ಆದರೂ ಸರಿ, ನೂರು ಪುಟದ ನೋಟ್‌ಬುಕ್ ಆದರೂ ಸರಿ. ಕಳೆದ ವರ್ಷ ಹುಬ್ಬಳ್ಳಿಯಿಂದ ಒಬ್ಬ ತಾಯಿ ಫೋನ್ ಮಾಡಿದರು. ಮಗನಿಗೆ ಹಾಲು ಆಗುವುದಿಲ್ಲ, ಕೇಕು ಹಾಲಿಲ್ಲದೆ ಮಾಡಿಸಿದ್ದಾರೆ, ಮೇಲೆ ಉದುರಿಸಿದ್ದು ನಿಮ್ಮ ಡಬ್ಬಿಯದು, ಅದರಲ್ಲಿ ಏನಿದೆ ಅಂತ. ಮಗು ಪಕ್ಕದಲ್ಲೇ ಕಾಯುತ್ತಿತ್ತು, ದನಿ ಕೇಳಿಸುತ್ತಿತ್ತು. ಬ್ಯಾಚ್ ನಂಬರು ಕೇಳಿ ಪುಸ್ತಕ ತೆಗೆದೆ. ಆ ಬ್ಯಾಚಿನ ಬಿಳಿ ಮಣಿಯಲ್ಲಿ ಹಾಲಿನ ಪುಡಿ ಇತ್ತು. ಲೇಬಲ್‌ನಲ್ಲೂ ಬರೆದಿತ್ತು, ಆದರೆ ಬೇಕರಿಯವರು ಸಣ್ಣ ಕವರ್‌ಗೆ ಸುರಿದು ಬ್ಯಾಚ್ ನಂಬರು ಮಾತ್ರ ಪೆನ್ನಲ್ಲಿ ಬರೆದು ಕೊಟ್ಟಿದ್ದರು. ಮೇಲಿನ ಪದರ ಪೂರ್ತಿ ತೆಗೆದರೂ ಕೊಡಬೇಡಿ ಅಮ್ಮಾ, ಬೇರೆ ಏನಾದರೂ ಕೊಡಿ ಅಂದೆ.

ಆ ಪುಸ್ತಕದಲ್ಲಿ ಒಂದು ಸಾಲಿಗೆ ಇಷ್ಟು ಬರೆಯಿರಿ: ಬ್ಯಾಚ್ ನಂಬರು, ಬಂದ ದಿನ, ಮುಗಿಯುವ ದಿನ, ಬಣ್ಣಗಳ ನಂಬರು, ಅಲರ್ಜಿ, ಯಾರಿಗೆ ಎಷ್ಟು ಕೊಟ್ಟಿರಿ, ಅವರ ಫೋನು. ಸಗಟು ಕೊಳ್ಳುವ ಬೇಕರಿಗಳಿಗೆ ಲೇಬಲ್‌ನ ಫೋಟೋ ವಾಟ್ಸಾಪ್‌ನಲ್ಲಿ ಅದೇ ದಿನ ಕಳಿಸಿ.